ಎಲ್ಮ್ ಮರದ ಹತ್ತಿರ ಎಡಕ್ಕೆ

ಕಾಡಲ್ ಸ್ಪ್ರಿಂಗ್, ಮಿಸೌರಿ
ಮಾರ್ಚ್ ೭, ೧೯೯೩

ಪ್ರೀತಿಯ ಜನೆಲ್,

ಜಿಲ್ಲಾ ಕಚೇರಿಯಿಂದ ಕಾಗದ ಬಂದಿದೆ. ಅದರ ಪ್ರಕಾರ ನಾವು ಇನ್ನು ಮುಂದೆ ೪೪೭೧ನೇ ನಂಬರಿನ ಮನೆಯವರು, ನಮ್ಮ ರಸ್ತೆಯ ಹೆಸರು ಡಾಗ್‌ವುಡ್ ಲೇನ್. ಈ ರಸ್ತೆಯಲ್ಲಿ ಇರುವುದು ಏಳು ಮನೆ, ಅದರಲ್ಲಿ ಒಂದರಲ್ಲಿ ಆಡು ಕಟ್ಟಿದ್ದಾರೆ. ಉಳಿದ ನಾಲ್ಕು ಸಾವಿರದ ನಾನೂರ ಅರವತ್ತನಾಲ್ಕು ಮನೆ ಎಲ್ಲಿವೆ ಎಂದು ಫೋನ್ ಮಾಡಿ ಕೇಳಿದೆ. ಅದು ಮನೆ ಎಣಿಸಿ ಕೊಟ್ಟ ನಂಬರಲ್ಲ, ರಸ್ತೆಯ ಅಳತೆಯಿಂದ ಬಂದದ್ದು ಎಂದಳು ಅಲ್ಲಿನ ಹೆಣ್ಣುಮಗಳು. ಅಳತೆಯ ಪಾಠ ನನಗೆ ಬೇಡಮ್ಮ, ಈ ಜಿಲ್ಲೆಯಲ್ಲಿ ಆರುನೂರ ಹನ್ನೆರಡು ಬೋರ್‌ವೆಲ್ ಕೊರೆದವನು ನಾನು, ಯಾವ ಬಾವಿ ಎಷ್ಟು ಅಡಿ, ಎಷ್ಟನೇ ಅಡಿಗೆ ಸುಣ್ಣಕಲ್ಲು, ಲೆಟಾಳ ಅಂಗಡಿಯಿಂದ ಎಷ್ಟು ಮೈಲಿ, ಎಲ್ಲ ನನ್ನ ಪುಸ್ತಕದಲ್ಲಿದೆ ಎಂದೆ. ಬಹಳ ಸಂತೋಷ ಸರ್ ಎಂದು ಫೋನ್ ಇಟ್ಟುಬಿಟ್ಟಳು.

ನಂಬರಿನ ತಗಡನ್ನೂ ಕಳಿಸಿದ್ದಾರೆ. ಹಸಿರು ಬಣ್ಣ, ಎರಡು ತೂತು. ಗೇಟಿನ ಕಂಬಕ್ಕೆ ಹೊಡೆಯಬೇಕಂತೆ. ಮನೆಯೊಳಗೆ ಬಾವಿ ಪುಸ್ತಕಗಳ ಕಪಾಟಿಗೆ ಸೇರಿಸಿದ್ದೇನೆ, ಅಲ್ಲಿಯೇ ಇರಲಿ. ನಮ್ಮ ರಸ್ತೆಯಲ್ಲಿ ಡಾಗ್‌ವುಡ್ ಎಂದು ಇದ್ದದ್ದು ಒಂದೇ ಗಿಡ, ಡೋಯ್ಲ್ ಪ್ರುವೆಟ್‌ನ ಬೇಲಿಯಲ್ಲಿ. ಅದನ್ನೂ ಅವನು ಟ್ರ್ಯಾಕ್ಟರ್ ತಿರುಗಿಸಲು ತೊಡಕೆಂದು ಕಡಿದುಹಾಕಿದ್ದ.

ಡೋಯ್ಲ್ ಹೋದದ್ದನ್ನು ಫೋನಿನಲ್ಲಿ ಹೇಳಿದ್ದೆ. ಮಣ್ಣು ಮಾಡಿ ಬಂದೆವು. ಜನ ಚೆನ್ನಾಗಿ ಸೇರಿದ್ದರು. ಚರ್ಚಿನ ಹೆಂಗಸರು ಬೇಯಿಸಿದ ಹಂದಿತೊಡೆಯ ಹ್ಯಾಮ್ ಒಟ್ಟು ಹನ್ನೊಂದು ತಂದಿದ್ದರು, ಒಂಟಿ ಮನುಷ್ಯನ ಮನೆಗೆ, ಅದೂ ತಿನ್ನುವವನೇ ಇಲ್ಲದ ಮೇಲೆ. ಎರಡು ನಮ್ಮ ಪಾಲಿಗೆ ಬಂದವು.

ಅಮ್ಮ ಚೆನ್ನಾಗಿದ್ದಾಳೆ. ಜಗಲಿಯ ಮೆಟ್ಟಿಲು ಇಳಿಯಕೂಡದು ಎಂದಿದ್ದಾರೆ ಹೃದಯದ ಡಾಕ್ಟರು. ಅವಳು ಇಳಿಯುವುದಿಲ್ಲ, ಮೇಲೆ ನಿಂತು ನನ್ನನ್ನು ಇಳಿಸುತ್ತಾಳೆ.

ನಿನ್ನ ಅಪ್ಪ,
ವರ್ಲಿನ್


ವಿಚಿಟಾ
ಮಾರ್ಚ್ ೧೫

ಅಪ್ಪಾ,

ನಿನ್ನ ಕಾಗದ ಓದಿ ನಕ್ಕೆ. ಇನ್ನೊಂದು ಸಲ ಓದಿದೆ, ಈ ಸಲ ನಗು ಬರಲಿಲ್ಲ. ನಲವತ್ತು ವರ್ಷದ ಸ್ನೇಹಿತ ಸತ್ತದ್ದಕ್ಕೆ ಐದು ಸಾಲು, ಅದರಲ್ಲಿ ಹೆಚ್ಚಿನದು ಹ್ಯಾಮ್.

ಡೋಯ್ಲ್‌ಗೆ ಏನಾಗಿತ್ತು? ಯಾರು ನೋಡಿದರು? ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬಂತು? ಇದನ್ನು ಫೋನಿನಲ್ಲಿ ಕೇಳುವ ಹಾಗಿಲ್ಲ. ಫೋನ್ ಇರುವುದು ಅಡುಗೆಮನೆಯಲ್ಲಿ, ಅಮ್ಮನ ಕುರ್ಚಿ ಇರುವುದು ಫೋನಿನ ಪಕ್ಕದಲ್ಲಿ. ಅದಕ್ಕೇ ಬರೆಯುತ್ತಿದ್ದೇನೆ. ನೀನೂ ಬರೆ. ನನ್ನ ಕಾಗದಗಳನ್ನು ಅವಳ ಕೈಗೆ ಸಿಗದ ಹಾಗೆ ಇಡು.

ನನ್ನ ಕೆಲಸ ನಿನಗೆ ಗೊತ್ತು, ತುರ್ತು ಕರೆಗಳ ಕಚೇರಿ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕುಳಿತರೆ ಒಂದು ಪಾಳಿಗೆ ತೊಂಬತ್ತು ಕರೆ. ಬೆಂಕಿ, ಎದೆನೋವು, ಉಸಿರು ಕಟ್ಟಿದ ಮಗು. ನಾನು ಮೊದಲು ಕೇಳುವುದು ಏನಾಯಿತು ಎಂದಲ್ಲ, ಎಲ್ಲಿದ್ದೀರಿ ಎಂದು. ಎಲ್ಲಿ ಎಂದು ಗೊತ್ತಾದರೆ, ಏನಾಗಿದೆ ಎಂದು ಗೊತ್ತಿಲ್ಲದಿದ್ದರೂ ಗಾಡಿ ಹೊರಡಿಸಬಹುದು. ಏನಾಗಿದೆ ಎಂದು ಎಷ್ಟು ಚೆನ್ನಾಗಿ ಗೊತ್ತಿದ್ದರೂ, ಎಲ್ಲಿ ಎಂದು ತಿಳಿಯದಿದ್ದರೆ ನಾನು ಸುಮ್ಮನೆ ಕುಳಿತು ಕೇಳಿಸಿಕೊಳ್ಳುವವಳು ಅಷ್ಟೆ. ಕೇಳಿಸಿಕೊಂಡಿದ್ದೇನೆ. ಅದನ್ನು ನಿನಗೆ ಬರೆಯುವುದಿಲ್ಲ.

ಅಮ್ಮನ ಹೃದಯದ ಕವಾಟ ಯಾವತ್ತು ಕೈಕೊಡುತ್ತದೋ ಡಾಕ್ಟರಿಗೇ ಗೊತ್ತಿಲ್ಲ. ನಮ್ಮ ಮನೆ ರಸ್ತೆಗೆ ಕಾಣುವುದಿಲ್ಲ. ಆ ತಗಡನ್ನು ಗೇಟಿಗೆ ಹೊಡೆ ಅಪ್ಪಾ. ಎರಡು ಮೊಳೆ.

ಜನೆಲ್


ಕಾಡಲ್ ಸ್ಪ್ರಿಂಗ್
ಮಾರ್ಚ್ ೨೪

ಪ್ರೀತಿಯ ಜನೆಲ್,

ಲಕ್ವ. ಆಂಬುಲೆನ್ಸ್ ತಡವಾಗಿ ಬಂತು. ಪಟ್ಟಣ ಹದಿನಾಲ್ಕು ಮೈಲಿ, ಗಾಡಿ ಓಡಿಸುವ ಹುಡುಗ ಹೊಸಬ, ಸೇಂಟ್ ಲೂಯಿಸ್ ಕಡೆಯವನು. ಇದಕ್ಕಿಂತ ಹೆಚ್ಚಿಗೆ ಬರೆಯುವಂಥದ್ದು ಏನಿಲ್ಲ.

ಮನೆ ಕಾಣುವುದಿಲ್ಲ ಎಂದು ಬರೆದಿದ್ದೀಯ. ಗೇಟಿನಿಂದ ಮುನ್ನೂರ ನಲವತ್ತು ಹೆಜ್ಜೆ, ಸೀಡರ್ ಮರಗಳ ಹಿಂದೆ, ಚಾವಣಿಯ ತುದಿ ಕೂಡ ರಸ್ತೆಗೆ ಕಾಣಬಾರದು ಎಂದೇ ಆ ಜಾಗ ಆರಿಸಿದ್ದು. ಬೇರೆಯವರ ಬೋರ್ ಕೊರೆಯುವ ರಿಗ್ಗಿನ ಮೇಲೆ ಕೂಲಿ ಮಾಡಿ, ಆಮೇಲೆ ಅದೇ ರಿಗ್ಗನ್ನು ಅವರಿಂದಲೇ ಕೊಂಡು, ಅರ್ಧ ಜಿಲ್ಲೆಗೆ ನೀರು ಕುಡಿಸಿದವನ ಮನೆ ಯಾರಿಗೆ ಗೊತ್ತಿಲ್ಲ? ಗೇಟಿಗೆ ನಂಬರ್ ಹೊಡೆದರೆ ಜನ ನಗುತ್ತಾರೆ.

ಲೆಟಾಳ ಅಂಗಡಿಯಲ್ಲಿ ಮೊನ್ನೆ ಒಂದು ತಮಾಷೆ ಆಯಿತು. ಷಿಕಾಗೋದಿಂದ ಬಂದು ಸ್ಕ್ಯಾಗ್ಸ್‌ರ ಹಳೆಯ ಜಮೀನು ಕೊಂಡಿರುವ ಗಂಡಹೆಂಡತಿ ಒಂದೇ ಬೆಳಗ್ಗೆ ಮೂರನೇ ಸಲ ದಾರಿ ಕೇಳಿಕೊಂಡು ಅಂಗಡಿಗೆ ವಾಪಸು ಬಂದರು. ಲೆಟಾ ಬೇಸರವಿಲ್ಲದೆ ಮೂರನೇ ಸಲವೂ ಅದನ್ನೇ ಹೇಳಿದಳು: "ಟೊಮೇಟೊ ಫ್ಯಾಕ್ಟರಿ ಹತ್ರ ಬಲಕ್ಕೆ ತಿರುಗಿ ಸ್ವಾಮಿ."

"ಫ್ಯಾಕ್ಟರಿ ಎಲ್ಲೂ ಕಾಣ್ಲಿಲ್ವಲ್ಲ."

"ಹೇಗೆ ಕಾಣುತ್ತೆ? ಅದು ಸುಟ್ಟುಹೋಗಿದ್ದು ಐವತ್ತನಾಲ್ಕರಲ್ಲಿ."

"ಹಾಗಾದ್ರೆ ನಮಗೆ ಹೇಗೆ ಗೊತ್ತಾಗ್ಬೇಕು?"

ಲೆಟಾ ಸ್ವಲ್ಪ ಯೋಚಿಸಿ, "ಎಲ್ರಿಗೂ ಗೊತ್ತಲ್ಲ," ಎಂದಳು.

ಒಲೆಯ ಸುತ್ತ ಕೂತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಗಲು ಹೋದೆ. ನಡುವೆಯೇ ಕಾಫಿ ಲೋಟ ಇಟ್ಟು ಎದ್ದು ಹೊರಗೆ ಬಂದೆ.

ಅಮ್ಮ ಚೆನ್ನಾಗಿದ್ದಾಳೆ.

ವರ್ಲಿನ್


ವಿಚಿಟಾ
ಏಪ್ರಿಲ್ ೨

ಅಪ್ಪಾ,

ಲೆಟಾಗೆ ಫೋನ್ ಮಾಡಿದ್ದೆ. ಅವಳು ಹೇಳಬಾರದು ಎಂದುಕೊಂಡೇ ಎಲ್ಲ ಹೇಳಿದಳು.

ಡೋಯ್ಲ್ ಬಿದ್ದಾಗ ಜೊತೆಗಿದ್ದವನು ನೀನು. ಫೋನ್ ಮಾಡಿದವನೂ ನೀನು. ಆಂಬುಲೆನ್ಸ್ ಬಂದದ್ದು ಐವತ್ತೊಂದು ನಿಮಿಷಕ್ಕೆ.

ನಾನು ನಿನ್ನ ಮೇಲೆ ತಪ್ಪು ಹೊರಿಸುತ್ತಿಲ್ಲ. ಇದು ನನ್ನ ಕೆಲಸ, ಅದಕ್ಕೆ ಕೇಳುತ್ತಿದ್ದೇನೆ. ಆ ಕಡೆ ಫೋನ್ ಎತ್ತಿದವಳು ಎಲ್ಲಿದ್ದೀರಿ ಎಂದು ಕೇಳಿದಾಗ ನೀನು ಏನು ಹೇಳಿದೆ? ಒಂದು ಮಾತೂ ಬಿಡದೆ ಬರೆ.

ಜನೆಲ್


ವಿಚಿಟಾ
ಏಪ್ರಿಲ್ ೨೫

ಅಪ್ಪಾ,

ಭಾನುವಾರಗಳಲ್ಲಿ ಫೋನ್ ಮಾಡಿದರೆ ನೀನು ಹವೆಯ ವಿಷಯ ಹೇಳಿ ಅಮ್ಮನ ಕೈಗೆ ಕೊಡುತ್ತೀಯ. ಮೂರು ಭಾನುವಾರ ಆಯಿತು. ಬರೆಯಬೇಡ ಎನಿಸಿದರೆ ಬರೆಯಬೇಡ. ತಗಡು ಹೊಡೆದೆಯಾ, ಅದೊಂದಕ್ಕೆ ಉತ್ತರ ಸಾಕು.

ಜನೆಲ್


ಕಾಡಲ್ ಸ್ಪ್ರಿಂಗ್
ಮೇ ೯

ಪ್ರೀತಿಯ ಜನೆಲ್,

ಈ ಕಾಗದವನ್ನು ನಾಲ್ಕು ಸಲ ಶುರುಮಾಡಿ ಒಲೆಗೆ ಹಾಕಿದ್ದೇನೆ. ಬಾವಿ ಪುಸ್ತಕದ ಹಾಗೆ ಬರೆಯುವುದೇ ಮೇಲು ಎಂದು ಈಗ ಕುಳಿತಿದ್ದೇನೆ: ಎಷ್ಟನೇ ಅಡಿಗೆ ಏನು ಸಿಕ್ಕಿತೋ ಅಷ್ಟು.

ಫೆಬ್ರವರಿ ಇಪ್ಪತ್ಮೂರು, ಮಂಗಳವಾರ, ಬೆಳಗ್ಗೆ ಹತ್ತು ಗಂಟೆ. ಡೋಯ್ಲ್‌ನ ಪಂಪು ಗಾಳಿ ಎಳೆಯುತ್ತಿತ್ತು, ನೋಡಲು ಹೋಗಿದ್ದೆ. ಅವನು ನನ್ನ ಕೈಗೆ ಸ್ಪ್ಯಾನರ್ ಕೊಡಲು ಬಂದವನು ಕೊಡಲಿಲ್ಲ. ಬಾಯಿ ಒಂದು ಕಡೆ ಜಾರಿತು. ಹಾಗೇ ಕುಸಿದ. ಅವನ ಶೆಡ್ಡಿನಲ್ಲೇ ಒಂದು ಫೋನಿತ್ತು. ಮಾಡಿದೆ.

ಹೆಣ್ಣುಮಗಳ ದನಿ, ವಿಳಾಸ ಕೇಳಿದಳು.

"ಡೋಯ್ಲ್ ಪ್ರುವೆಟ್ ಮನೆ," ಎಂದೆ.

"ಅದು ಎಲ್ಲಿ ಬರುತ್ತೆ ಸರ್?"

"ಲೆಟಾ ಅಂಗಡಿ ದಾಟಿ ಹೆಸ್ಟರ್ ಎಲ್ಮ್ ಹತ್ರ ಎಡಕ್ಕೆ. ಟೊಮೇಟೊ ಫ್ಯಾಕ್ಟರಿ ಹತ್ರ ಬಲಕ್ಕೆ. ಮುಂದೆ ಶಾಲೆ ಹತ್ರ ಮತ್ತೆ ಬಲಕ್ಕೆ, ಎರಡನೇ ಮನೆ. ಬೇಗ ಬನ್ನಿ ತಾಯಿ."

ಅವಳು ಬರೆದುಕೊಂಡು ನನಗೆ ತಿರುಗಿ ಓದಿ ಹೇಳಿದಳು. ಒಂದು ಅಕ್ಷರ ತಪ್ಪಿರಲಿಲ್ಲ. ಸರಿ ಎಂದೆ.

ಹೆಸ್ಟರ್ ಮನೆಯವರ ಆ ಎಲ್ಮ್ ಮರ ರೋಗ ಬಿದ್ದು ಒಣಗಿ ನಿಂತಾಗ ನೀನು ಆರು ವರ್ಷದವಳು. ಅದನ್ನು ಕೆಡವಿದವರು ಇಬ್ಬರು, ನಾನು ಮತ್ತು ಡೋಯ್ಲ್. ಎರಡು ದಿನ ಹಿಡಿಯಿತು, ಗರಗಸದ ಎರಡು ಸರಪಳಿ ಮುರಿದವು. ಬುಡವನ್ನೂ ಅಗೆದು ತೆಗೆದೆವು. ಆ ಮರ ಅಲ್ಲಿಲ್ಲ ಎಂದು ನನ್ನಷ್ಟೇ ಚೆನ್ನಾಗಿ ಗೊತ್ತಿದ್ದವನು ಇನ್ನೊಬ್ಬನೇ, ಅವನು ನನ್ನ ಕಾಲ ಹತ್ತಿರ ಮಲಗಿದ್ದ.

ಸೇಂಟ್ ಲೂಯಿಸ್ ಹುಡುಗ ಎಲ್ಮ್ ಮರ ಹುಡುಕಿದ. ಸಿಗಲಿಲ್ಲ. ಫ್ಯಾಕ್ಟರಿ ಹುಡುಕಿದ. ಸಿಗಲಿಲ್ಲ. ಕಡೆಗೆ ದೂರದ ದಿಣ್ಣೆಯ ಮೇಲೆ ಗಂಟೆಗೋಪುರ ಇರುವ ಶಾಲೆ ಕಾಣಿಸಿತು. ಆ ಕಟ್ಟಡವನ್ನು ಅರವತ್ತಮೂರರಲ್ಲಿ ಅಡಿಪಾಯದಿಂದ ಎತ್ತಿ, ದಿಮ್ಮಿಯ ಮೇಲೆ ಉರುಳಿಸಿಕೊಂಡು ಹೋಗಿ ಸ್ಕ್ಯಾಗ್ಸ್ ಜಮೀನಿನಲ್ಲಿ ಹುಲ್ಲು ತುಂಬಲು ಇಟ್ಟದ್ದು ನಮಗೆಲ್ಲ ಗೊತ್ತು. ಶಾಲೆ ಆ ಕಡೆ ಹೋಯಿತು, ಶಾಲೆಯ ತಿರುವು ಈ ಕಡೆಯೇ ಉಳಿಯಿತು, ನಾಲ್ಕು ಮೈಲಿ ಆಚೀಚೆ. ಹುಡುಗ ಆ ಶಾಲೆಯ ಹತ್ತಿರ ಬಲಕ್ಕೆ ತಿರುಗಿದ. ನಾನು ಹೇಳಿದ್ದನ್ನೇ ಮಾಡಿದ.

ಡೋಯ್ಲ್‌ಗೆ ಸುಮಾರು ಹೊತ್ತು ಪ್ರಜ್ಞೆ ಇತ್ತು. ನನ್ನ ಅಂಗಿಯ ಗುಂಡಿ ಹಿಡಿದುಕೊಂಡಿದ್ದ. ಮಾತು ತೊದಲುತ್ತಿತ್ತು, ಆದರೂ ಅರ್ಥವಾಗುತ್ತಿತ್ತು. ಬಂದ್ರಾ ಎಂದು ಕೇಳಿದ.

"ಎಲ್ಮ್ ಹತ್ರ ಬಂದಿರ್ತಾರೆ," ಎಂದೆ.

ಇನ್ನು ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದ. ಫ್ಯಾಕ್ಟರಿ ದಾಟಿರ್ತಾರೆ ಎಂದೆ. ಅವನಿಗೆ ಸಮಾಧಾನವಾಯಿತು, ಜನೆಲ್. ಅವನ ಕಣ್ಣಿಗೂ ಅಲ್ಲಿ ಫ್ಯಾಕ್ಟರಿ ಇತ್ತು. ಮೂರನೇ ಸಲ ಕೇಳಿದಾಗ ಶಾಲೆ ಹತ್ರ ಎಂದೆ. ಆಮೇಲೆ ಕೇಳಲಿಲ್ಲ.

ಇಷ್ಟು. ಒಂದು ಮಾತೂ ಬಿಟ್ಟಿಲ್ಲ.

ತಗಡು ಹೊಡೆದಿಲ್ಲ. ಅದು ನಮ್ಮ ಮನೆಗೆ ಮಾತ್ರ ಆಗುವ ಕೆಲಸ. ಉಳಿದವರ ಬಾಯಲ್ಲಿ ಎಲ್ಮ್ ಇನ್ನೂ ನಿಂತಿದೆಯಲ್ಲ? ಗಾಬರಿಯಲ್ಲಿ ಫೋನ್ ಹಿಡಿದ ಮುದುಕ ನಾಲ್ಕು ಸಾವಿರದ ಎಷ್ಟೋ ಎಂದು ನೆನಪು ಮಾಡಿಕೊಳ್ಳುತ್ತಾನಾ? ಅವನು ಎಲ್ಮ್ ಹತ್ತಿರ ಎಡಕ್ಕೆ ಎಂದೇ ಅನ್ನುವುದು. ಈ ಜನರ ನಾಲಿಗೆ ತಿದ್ದಲು ನನ್ನ ಕೈಯಲ್ಲಾಗದು. ಬೇರೇನೋ ಮಾಡಬೇಕು. ಯೋಚಿಸುತ್ತಿದ್ದೇನೆ.

ಅಪ್ಪ


ವಿಚಿಟಾ
ಮೇ ೧೬

ಅಪ್ಪಾ,

ಫೋನಿನಲ್ಲಿ ಇದ್ದ ಆ ಹೆಣ್ಣುಮಗಳು ನಾನಾಗಿದ್ದರೂ ಅದನ್ನೇ ಬರೆದುಕೊಳ್ಳುತ್ತಿದ್ದೆ. ಎಲ್ಮ್ ಹತ್ತಿರ ಎಡಕ್ಕೆ ಎಂದರೆ ನನಗೆ ಈಗಲೂ ಆ ತಿರುವು ಕಣ್ಣಿಗೆ ಬರುತ್ತದೆ. ಮರ ನೆನಪಿಲ್ಲ.

ನಮ್ಮಲ್ಲೂ ಹಾಗೇ, ಹೆದರಿದವರು ನಂಬರ್ ಹೇಳುವುದಿಲ್ಲ. ನೀನು ಹೇಳಿದ್ದು ನಿಜ. ಆದರೆ ಗೇಟಿಗೆ ತಗಡು ಮಾತ್ರ ಹೊಡೆ. ಅಮ್ಮನಿಗಾಗಿ.

ಡೋಯ್ಲ್ ಹತ್ತಿರ ಆ ಹೊತ್ತು ಒಬ್ಬ ಮನುಷ್ಯ ಇದ್ದ. ತುಂಬ ಜನಕ್ಕೆ ಅಷ್ಟೂ ಇರುವುದಿಲ್ಲ. ನಾನು ಇದನ್ನು ಸಮಾಧಾನಕ್ಕೆ ಬರೆಯುತ್ತಿಲ್ಲ, ನನಗೆ ಗೊತ್ತು.

ಜನೆಲ್


ಕಾಡಲ್ ಸ್ಪ್ರಿಂಗ್
ಜೂನ್ ೬

ಪ್ರೀತಿಯ ಜನೆಲ್,

ಯೋಚನೆ ಮುಗಿಯಿತು, ಕೆಲಸವೂ ಮುಗಿಯುತ್ತ ಬಂತು. ಇವರ ನಾಲಿಗೆ ರಸ್ತೆಗೆ ಹೊಂದುವುದಿಲ್ಲ ಎಂದಮೇಲೆ ರಸ್ತೆಯನ್ನೇ ನಾಲಿಗೆಗೆ ಹೊಂದಿಸುವುದು. ಶೆಡ್ಡಿನ ಹಿಂದೆ ಬಾವಿಗೆ ಇಳಿಸುವ ಕೇಸಿಂಗ್ ಪೈಪಿನ ತುಂಡುಗಳು ಬೇಕಾದಷ್ಟು ಬಿದ್ದಿದ್ದವು. ಆರು ತುಂಡು ಕತ್ತರಿಸಿ, ಮೇಲೆ ದೊಡ್ಡ ಹಲಗೆ ಕೂರಿಸಿ, ಬಿಳಿ ಬಣ್ಣದಲ್ಲಿ ಒಂದೊಂದೇ ಹೆಸರು ಬರೆದೆ: ಹೆಸ್ಟರ್ ಎಲ್ಮ್, ಟೊಮೇಟೊ ಫ್ಯಾಕ್ಟರಿ, ಶಾಲೆ, ಕಬ್ಬಿಣದ ಸೇತುವೆ, ಗಿಲ್ಲಮ್ ಗಿರಣಿ, ಕೆಂಪು ಕೊಟ್ಟಿಗೆ. ಆರರಲ್ಲಿ ಒಂದೂ ಈಗ ಅಲ್ಲಿಲ್ಲ. ಹುಲ್ಲಿನ ಗೋದಾಮಾಗಿರುವ ಹಳೆಯ ಶಾಲೆಗೂ ಒಂದು ಹಲಗೆ ಬೇಕಾಯಿತು. ಅದರ ಮೇಲೆ "ಇದಲ್ಲ" ಎಂದು ಬರೆದೆ.

ರಸ್ತೆ ಇಲಾಖೆಯ ಹೋಬರ್ಟ್ ಜೀಪು ನಿಲ್ಲಿಸಿ ಇಳಿದು ಬಂದ. "ವರ್ಲಿನ್, ಸರ್ಕಾರಿ ಜಾಗದಲ್ಲಿ ಇಲ್ಲದೇ ಇರೋ ಮರಕ್ಕೆ ಬೋರ್ಡ್ ಹಾಕೋ ಹಾಗಿಲ್ಲ."

"ಇರೋ ಮರಕ್ಕೆ ಬೋರ್ಡ್ ಯಾಕೋ? ಅದು ಕಾಣ್ಸುತ್ತಲ್ಲ."

ಬಗ್ಗಿ ನೋಡಿದ. ಪೈಪು ನಾಲ್ಕು ಅಡಿ ಆಳಕ್ಕೆ ಹೋಗಿದೆ, ಸಿಮೆಂಟು ಸುರಿದಿದ್ದೇನೆ. ಕೀಳುವ ಆಸೆ ಇದ್ದರೆ ಕೀಳು ಎಂದೆ. ಅವನ ಅತ್ತೆಯ ಮನೆಗೆ ಹೋಗುವುದೂ ಕೆಂಪು ಕೊಟ್ಟಿಗೆಯ ಹತ್ತಿರವೇ, ಅತ್ತೆಗೆ ಸಕ್ಕರೆ ಕಾಯಿಲೆ. ಏನೂ ನೋಡಲಿಲ್ಲ ಎಂದು ಹೊರಟುಹೋದ.

ಆಂಬುಲೆನ್ಸ್ ಠಾಣೆಗೂ ಹೋಗಿ ಬಂದೆ. ಹುಡುಗನ ಹೆಸರು ಕೋರಿ ವಾಂಡ್ಸ್. ನನ್ನನ್ನು ಕಂಡು ಎದ್ದು ನಿಂತ, ಹೊಡೆಯಲು ಬಂದೆನೆಂದು ತಿಳಿದಿರಬೇಕು. ಕೂತ್ಕೊ, ತಪ್ಪು ನಿನ್ನದಲ್ಲ, ನಾನು ಹೇಳಿದ ದಾರಿಯಲ್ಲೇ ನೀನು ಬಂದೆ ಎಂದೆ. ಅವನು ಕುಳಿತ.

"ಅವತ್ತು ಆ ಶಾಲೆ ಹತ್ರ ಯಾರೂ ಇರ್ಲಿಲ್ಲ ಸರ್," ಎಂದ ಆಮೇಲೆ. "ಬಾಗಿಲು ತೆಗೆದ್ರೆ ಬರೀ ಹುಲ್ಲು. ಹಗ್ಗ ಇನ್ನೂ ನೇತಾಡ್ತಿತ್ತು. ಗಂಟೆ ಬಾರಿಸಿದೆ. ಯಾರಾದ್ರೂ ಕೇಳಿಸ್ಕೊಂಡು ಬರ್ಬಹುದು ಅಂತ."

ನನಗೆ ನೆನಪಾಯಿತು ಜನೆಲ್. ಡೋಯ್ಲ್‌ನ ತಲೆ ನನ್ನ ತೊಡೆಯ ಮೇಲಿದ್ದಾಗ ಎಲ್ಲಿಂದಲೋ ಗಂಟೆಯ ಸದ್ದು ಬಂದಿತ್ತು. ಮಂಗಳವಾರ ಯಾಕೆ ಚರ್ಚಿನ ಗಂಟೆ ಎಂದುಕೊಂಡಿದ್ದೆ.

ಆ ಹುಡುಗನನ್ನು ನನ್ನ ಟ್ರಕ್ಕಿನಲ್ಲಿ ಕೂರಿಸಿಕೊಂಡು ಎಲ್ಮ್‌ನಿಂದ ಕೆಂಪು ಕೊಟ್ಟಿಗೆಯವರೆಗೆ ತೋರಿಸಿದೆ. ಜಾಣ. ಒಂದೇ ಸಲಕ್ಕೆ ಹಿಡಿದ.

ಗುಂಡಿ ತೋಡುವ ಕೆಲಸ ಎಪ್ಪತ್ತೊಂದರ ವಯಸ್ಸಿಗೆ ಆಗಿಬರುವುದಿಲ್ಲ. ಈ ಬೆಟ್ಟದಲ್ಲಿ ಒಂದು ಗೇಣು ಮಣ್ಣು, ಆಮೇಲೆ ಬರೀ ಕಲ್ಲು. ಎಡತೋಳು ಜೋಮು ಹಿಡಿದಿದೆ, ಹಾರೆಯ ಹೊಡೆತಕ್ಕೆ. ಅಮ್ಮ ಚೆನ್ನಾಗಿದ್ದಾಳೆ.

ಅಪ್ಪ


ವಿಚಿಟಾ
ಜೂನ್ ೧೧

ಅಪ್ಪಾ,

ಹಾರೆಯನ್ನು ನೀನು ಬಲಗೈಯಲ್ಲಿ ಹಿಡಿಯುವವನು. ಎಡತೋಳು ಯಾಕೆ? ಎಷ್ಟು ದಿನದಿಂದ? ಭುಜದಿಂದ ಶುರುವಾಗುತ್ತದೋ ದವಡೆಯಿಂದಲೋ? ಕೂತರೆ ಹೋಗುತ್ತದಾ? ಬೆವರು?

ಡಾಕ್ಟರ ಹತ್ತಿರ ಹೋಗು. ಅಮ್ಮನನ್ನು ಕರೆದುಕೊಂಡು ಹೋಗುವ ದಿನ ನೀನೂ ತೋರಿಸಿಕೋ. ಅವಳಿಗೆ ಗೊತ್ತಾಗುತ್ತದೆಂದು ಹಿಂಜರಿಯಬೇಡ.

ಗೇಟಿನ ತಗಡು?

ಜನೆಲ್


ಕಾಡಲ್ ಸ್ಪ್ರಿಂಗ್
ಜೂನ್ ೧೮

ಪ್ರೀತಿಯ ಜನೆಲ್,

ಕಾಗದ ಬಂತು. ಇಲ್ಲಿ ಎಲ್ಲ ಕ್ಷೇಮ. ಎಲ್ಮ್ ಹಲಗೆಯ ಕೆಳಗೆ ಯಾರೋ ಬೆಂಚು ಹಾಕಿದ್ದಾರೆ, ನೆರಳಿಗಂತೆ. ಇಲ್ಲದ ಮರದ ನೆರಳು. ಲೆಟಾಳ ಮಾತು: ಸರ್ಕಾರ ಇಪ್ಪತ್ತು ವರ್ಷದಲ್ಲಿ ಮಾಡದ್ದನ್ನು ವರ್ಲಿನ್ ಇಪ್ಪತ್ತು ದಿನದಲ್ಲಿ ಮಾಡಿದ, ಅದೂ ಯಾರೂ ಕೇಳದೆ. ಅದು ಹೊಗಳಿಕೆಯೋ ಅಲ್ಲವೋ ಎಂದು ಅವಳ ಮುಖ ನೋಡಿದರೆ ತಿಳಿಯುವುದಿಲ್ಲ.

ನಮ್ಮ ಗೇಟಿಗೆ ಹಲಗೆ ಯಾಕೆ, ಶಾಲೆಯ ಹಲಗೆ ದಾಟಿದರೆ ಮೊದಲನೇ ಗೇಟು ನಮ್ಮದೇ.

ಬಿಸಿಲು ಜಾಸ್ತಿ. ಈಗ ಸ್ವಲ್ಪ ಸ್ವಲ್ಪವೇ ಕೆಲಸ ಮಾಡುತ್ತಿದ್ದೇನೆ.

ಅಪ್ಪ


ವಿಚಿಟಾ
ಜೂನ್ ೨೨

ಅಪ್ಪಾ,

ನಾನು ಕೇಳಿದ ಆರು ಪ್ರಶ್ನೆಯಲ್ಲಿ ಐದಕ್ಕೆ ಉತ್ತರವಿಲ್ಲ. ತಗಡಿಗೆ ಬಂದಿರುವುದು ನೆಪ. ಉತ್ತರ ಹೇಳದೆ ಹವೆಯ ವಿಷಯ ಹೇಳುವವರನ್ನು ನಾನು ದಿನಾ ಕೇಳುತ್ತೇನೆ. ಅಂಥವರಿಗೆ ಮೊದಲು ಗಾಡಿ ಕಳಿಸುತ್ತೇನೆ, ಆಮೇಲೆ ಮಾತಾಡುತ್ತೇನೆ.

ಜುಲೈ ಮೂರಕ್ಕೆ ರಜೆ ಸಿಕ್ಕಿದೆ. ಬರುತ್ತಿದ್ದೇನೆ. ಅಲ್ಲಿಯವರೆಗೆ ಹಾರೆ ಮುಟ್ಟಬೇಡ.

ಜನೆಲ್


ಕಾಡಲ್ ಸ್ಪ್ರಿಂಗ್
ಜುಲೈ ೨೦

ಜನೆಲ್ ಮಗಳೇ,

ಅಮ್ಮ ಬರೆಯುತ್ತಿದ್ದೇನೆ. ಆಸ್ಪತ್ರೆಯಲ್ಲಿ ನೀನಿದ್ದ ಎರಡು ವಾರವೂ ನಿಮ್ಮಪ್ಪ ಒಂದು ಕಿವಿ ತೆರೆದುಕೊಂಡೇ ಮಲಗಿರುತ್ತಿದ್ದ, ಹಾಗಾಗಿ ಆಗ ಹೇಳಲಿಲ್ಲ. ಈಗ ಅವನು ಜಗಲಿಯಲ್ಲಿ ಕುಳಿತು ದಾರಿಯಲ್ಲಿ ಹೋಗುವ ಗಾಡಿಗಳನ್ನು ಸದ್ದಿನಿಂದಲೇ ಎಣಿಸುತ್ತಿದ್ದಾನೆ.

ಮೊದಲನೆಯದು, ನಿಮ್ಮಿಬ್ಬರ ಕಾಗದಗಳನ್ನೆಲ್ಲ ನಾನು ಓದಿದ್ದೇನೆ. ನಿನ್ನವನ್ನೂ, ತಾನು ಬರೆದವುಗಳ ನಕಲನ್ನೂ ಬಾವಿ ಪುಸ್ತಕಗಳ ಹಿಂದೆ ಇಟ್ಟಿದ್ದ. ಈ ಮನೆಯಲ್ಲಿ ಬಾವಿ ಪುಸ್ತಕದ ಧೂಳು ಹೊಡೆಯುವವಳು ಯಾರು ಎಂದುಕೊಂಡಿದ್ದನೋ. ನೀವು ನನ್ನನ್ನು ಹೆದರಿಸಬಾರದೆಂದು ಬರೆದುಕೊಂಡಿರಿ, ನಾನು ನಿಮ್ಮನ್ನು ಹೆದರಿಸಬಾರದೆಂದು ಓದಿ ಸುಮ್ಮನಿದ್ದೆ. ಎಡತೋಳಿನ ಕಾಗದ ಓದಿದ ದಿನದಿಂದ ನನ್ನ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡಿದ್ದೆ.

ಜೂನ್ ಇಪ್ಪತ್ತಾರು, ಶನಿವಾರ, ಬೆಳಗ್ಗೆ. ಬಿಸ್ಕತ್ತಿನ ಹಿಟ್ಟು ಕಲಸುತ್ತಿದ್ದೆ. ಪಂಪುಮನೆಯ ಹತ್ತಿರ ಅವನು ಬಗ್ಗಿದ್ದು ಕಂಡಿತು, ಎದ್ದದ್ದು ಕಾಣಲಿಲ್ಲ. ಹಿಟ್ಟಿನ ಕೈಯಲ್ಲೇ ಫೋನ್ ತಿರುಗಿಸಿದೆ. ಎಲ್ಲಿದ್ದೀರಿ ಎಂದಳು ಆ ಹುಡುಗಿ. ನಂಬರ್ ನನಗೆ ಬಾಯಿಪಾಠವಾಗಿತ್ತು, ಕಪಾಟಿನಲ್ಲಿ ದಿನಾ ನೋಡುತ್ತಿದ್ದೆನಲ್ಲ. ೪೪೭೧, ಡಾಗ್‌ವುಡ್ ಲೇನ್ ಎಂದೆ. ಆಮೇಲೆ ನೆನಪಾಯಿತು, ಆ ತಗಡು ಗೇಟಿನಲ್ಲಿಲ್ಲ, ನನ್ನ ಹಿಂದೆ ಕಪಾಟಿನಲ್ಲಿದೆ.

"ಎಲ್ಮ್ ಹತ್ರ ಎಡಕ್ಕೆ," ಎಂದೆ. "ಫ್ಯಾಕ್ಟರಿ ಹತ್ರ ಬಲಕ್ಕೆ, ಶಾಲೆ ಹತ್ರ ಬಲಕ್ಕೆ. ಹಲಗೆ ಇದೆ, ಎಲ್ಲ ಕಡೆ ಹಲಗೆ ಇದೆ."

"ಶಾಲೆ ಆದ್ಮೇಲೆ ಏನು ಗುರುತು ಮ್ಯಾಮ್?"

ಶಾಲೆ ಆದಮೇಲೆ ಗುರುತಿಲ್ಲ. ಗುರುತು ಇರಬಾರದೆಂದೇ ಕಟ್ಟಿದ ಮನೆ. ಸೀಡರ್ ಮರಗಳು ಗೇಟನ್ನೂ ಮುಚ್ಚಿಕೊಂಡಿವೆ. ಏನು ಹೇಳಲಿ ಎಂದು ಸುತ್ತಲೂ ನೋಡಿದೆ. ಮೇಜಿನ ಮೇಲೆ ಕೆಂಪು ಚೌಕುಳಿಯ ಬಟ್ಟೆ ಹಾಸಿತ್ತು.

"ಒಬ್ಳು ಮುದುಕಿ ಕೆಂಪು ಬಟ್ಟೆ ಹಿಡ್ಕೊಂಡು ನಿಂತಿರ್ತಾಳೆ," ಎಂದು ಫೋನ್ ಇಟ್ಟೆ.

ಬಟ್ಟೆಯನ್ನು ಎಳೆದಾಗ ಸಕ್ಕರೆ ಡಬ್ಬಿ ಬಿದ್ದು ಒಡೆಯಿತು, ಅದನ್ನು ಯಾರಿಗೂ ಹೇಳಿಲ್ಲ. ಮೆಟ್ಟಿಲು ಇಳಿದೆ. ಮೊದಲು ಅವನ ಹತ್ತಿರ ಹೋದೆ. ಉಸಿರಿತ್ತು, ಮೈ ತಣ್ಣಗೆ ಒದ್ದೆ. ಕಣ್ಣು ತೆರೆದು ನನ್ನ ಕಾಲು ನೋಡಿದ, ಮೆಟ್ಟಿಲು ಇಳಿದೆಯಾ ಎಂದ. ಬೈಯಲು ಶಕ್ತಿ ಇದೆ ಎಂದಮೇಲೆ ಇನ್ನಷ್ಟು ಹೊತ್ತು ಇರುತ್ತಾನೆ ಎಂದುಕೊಂಡು ಅಲ್ಲಿಂದ ಹೊರಟೆ. ಬಿಟ್ಟು ಹೋಗುವುದು ಸುಲಭವಿರಲಿಲ್ಲ ಮಗಳೇ. ಡೋಯ್ಲ್‌ನನ್ನು ಬಿಟ್ಟು ರಸ್ತೆಗೆ ಓಡಲು ಇವನಿಗೆ ಯಾಕೆ ಆಗಲಿಲ್ಲ ಎಂದು ಆಗ ತಿಳಿಯಿತು.

ಮುನ್ನೂರ ನಲವತ್ತು ಹೆಜ್ಜೆ ಎಂದು ನಿಮ್ಮಪ್ಪ ಬರೆದಿದ್ದಾನೆ. ಅದು ಅವನ ಕಾಲಿಗೆ. ನನ್ನ ಕಾಲಿಗೆ ಐನೂರ ಹತ್ತು. ಎಣಿಸಿಕೊಂಡೇ ಹೋದೆ. ಎಣಿಸುತ್ತಿದ್ದರೆ ಎದೆಯ ಸದ್ದು ಕೇಳಿಸುವುದಿಲ್ಲ. ಇನ್ನೂರಕ್ಕೆ ಒಂದು ಸಲ ಬೇಲಿಗಂಬ ಹಿಡಿದು ನಿಂತೆ, ನಾನೂರಕ್ಕೆ ಇನ್ನೊಂದು ಸಲ. ಎರಡು ವರ್ಷದಿಂದ ಆ ಗೇಟಿನವರೆಗೆ ನಾನು ನಡೆದಿರಲಿಲ್ಲ. ಅದರ ಕೀಲು ಜಂಗು ಹಿಡಿದಿದೆ.

ಸೈರನ್ ಫ್ಯಾಕ್ಟರಿಯ ಕಡೆಯಿಂದ ಕೇಳಿಸಿತು. ಬಲಕ್ಕೆ ತಿರುಗಿದ್ದು ಕೇಳಿಸಿತು. ಶಾಲೆಯ ತಿರುವಿನಲ್ಲಿ ಗೇರು ಬದಲಿಸಿದ್ದೂ ಕೇಳಿಸಿತು. ಗೇಟಿನ ಚಿಲಕ ಬರಲಿಲ್ಲ. ನಾನು ಒಳಗಡೆಯೇ ಇದ್ದೆ, ಮರಗಳ ಹಿಂದೆ. ಗಾಡಿ ನನ್ನ ಮುಂದೆಯೇ ಸರ್ರನೆ ದಾಟಿ ಹೋಯಿತು.

ಹೇಗೆ ಗೇಟಿನ ಮೇಲೆ ಹತ್ತಿದೆನೋ ಗೊತ್ತಿಲ್ಲ. ಅರವತ್ತೆಂಟು ವರ್ಷದವಳು, ಕವಾಟ ಕೆಟ್ಟವಳು, ಎರಡನೇ ಅಡ್ಡಪಟ್ಟಿಯ ಮೇಲೆ ನಿಂತು ಮೇಜಿನ ಬಟ್ಟೆ ಬೀಸಿದೆ. ಗಾಡಿ ದೂರ ಹೋಗಿ ನಿಂತಿತು. ಆಮೇಲೆ ಹಿಂದಕ್ಕೆ ಬಂತು. ಆ ಕೋರಿ ಹುಡುಗನಿಗೆ ಕನ್ನಡಿಯಲ್ಲಿ ಕೆಂಪು ಬಣ್ಣ ಕಂಡಿತಂತೆ. ಪಟ್ಟಣದಿಂದ ಇಲ್ಲಿಗೆ ಇಪ್ಪತ್ಮೂರು ನಿಮಿಷ. ದಾರಿಯುದ್ದಕ್ಕೂ ಹಲಗೆಗಳನ್ನು ಗಟ್ಟಿಯಾಗಿ ಓದಿಕೊಂಡು ಬಂದನಂತೆ, ಎಲ್ಮ್, ಫ್ಯಾಕ್ಟರಿ, ಶಾಲೆ ಎಂದು. ಇನ್ನು ಹತ್ತು ನಿಮಿಷ ಆಗಿದ್ದರೆ ಎಂದು ಡಾಕ್ಟರು ಶುರುಮಾಡಿದರು, ಮುಗಿಸಬೇಡಿ ಎಂದೆ.

ಆಮೇಲಿನದೆಲ್ಲ ನಿನಗೆ ಗೊತ್ತು.

ಈಗ ನಡೆಯುತ್ತಿರುವುದನ್ನು ಕೇಳು. ಮೊನ್ನೆ ಲೆಟಾ ಸೂಪ್ ತಂದಿದ್ದಳು. ಅಂಗಡಿಯಲ್ಲಿ ಗೊಬ್ಬರದ ಲಾರಿಯವನೊಬ್ಬ ಪ್ರುವೆಟ್ ಜಮೀನಿಗೆ ದಾರಿ ಕೇಳಿದನಂತೆ. ಒಲೆಯ ಸುತ್ತ ಕೂತವರು ಒಂದೇ ಬಾಯಲ್ಲಿ ಹೇಳಿದರಂತೆ: "ಶಾಲೆ ಹತ್ರ ಬಲಕ್ಕೆ ತಿರುಗು. ಯೂಲಾ ಮೇಜಿನ ಬಟ್ಟೆ ಬೀಸಿದ ಜಾಗ ದಾಟಿದ ಕೂಡ್ಲೆ ಮುಂದಿನ ಮನೆ."

ನಿಮ್ಮಪ್ಪನಿಗೆ ಇದನ್ನು ಕೇಳಿ ಎಷ್ಟು ಹೆಮ್ಮೆ ಎಂದರೆ ಸೂಪನ್ನು ಅರ್ಧಕ್ಕೇ ಬಿಟ್ಟು ಅಲ್ಲೊಂದು ಹಲಗೆ ಹಾಕಬೇಕು ಎಂದ. ಪೈಪು ಇನ್ನೂ ಒಂದು ತುಂಡು ಉಳಿದಿದೆಯಂತೆ.

"ಹಲಗೆ ಬೇಡ, ನಂಬರ್ ಹೊಡಿ," ಎಂದೆ. "ನಿನಗೋಸ್ಕರ ನಾನು ಸಾಯೋವರೆಗೂ ಅಲ್ಲಿ ನಿಂತಿರೋಕಾಗಲ್ಲ ವರ್ಲಿನ್."

ಅವನು ಮೊಳೆ ಡಬ್ಬಿ ಎಲ್ಲಿದೆ ಎಂದು ಕೇಳಿದ. ಇಬ್ಬರಿಗೂ ನಡೆಯುವ ಹಾಗಿಲ್ಲ, ಲೆಟಾಳೇ ಟ್ರಕ್ಕಿನಲ್ಲಿ ಗೇಟಿನವರೆಗೆ ಕರೆದುಕೊಂಡು ಹೋದಳು. ಅವನು ಕೂತಲ್ಲಿಂದ ಮೊಳೆ ಕೊಟ್ಟ, ನಾನು ಹೊಡೆದೆ. ಸ್ವಲ್ಪ ಓರೆಯಾಗಿದೆ. ಅದನ್ನು ಅವನು ಈವರೆಗೆ ಒಂಬತ್ತು ಸಲ ಹೇಳಿದ್ದಾನೆ.

ಕಾಗದ ಬರೆಯುವುದನ್ನು ಬಿಡಬೇಡ. ಇನ್ನು ಮುಂದೆ ಇಬ್ಬರಿಗೂ ಸೇರಿಸಿಯೇ ಬರೆ, ಧೂಳಿನಲ್ಲಿ ಹುಡುಕುವುದು ತಪ್ಪುತ್ತದೆ.

ನಿನ್ನ ಅಮ್ಮ,
ಯೂಲಾ
೪೪೭೧, ಡಾಗ್‌ವುಡ್ ಲೇನ್
(ಎಲ್ಮ್ ಹತ್ತಿರ ಎಡಕ್ಕೆ)